ಎರಡೆರಡು ಪಾಸ್‌ಪೋರ್ಟ್ ಇಟ್ಕೊಂಡು ಇಂಡಿಯಾಗೆ ಬರೋ ಹಾಗಿಲ್ಲ, ದಯವಿಟ್ಟು ಕೇಳ್ಕೊಳ್ಳಿ

ಪಾಸ್‌ಪೋರ್ಟ್‌ಗೆ ಯಾವ ದಾಖಲೆ ಬೇಕು, ಅಪಾಯಿಂಟ್‌ಮೆಂಟ್ ಹೆಂಗೆ ತಗೊಳ್ಳೋದು ಅನ್ನೋದಕ್ಕೆಲ್ಲ ಇಲ್ಲಿ ಉತ್ತರ ಕೊಡಲ್ಲ, ಅದು ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಲ್ಲೇ ಇದೆ. ಚಿಕ್ಕಬಳ್ಳಾಪುರ, ಕೋಲಾರ ಎರಡೂ ಕಡೆಯಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರ್ತಿದೆ, ಅದಕ್ಕೇ ಈ ಸಲ ಜಾಸ್ತಿ ಜಾಗ.

ಪ್ರಶ್ನೆ: ಸರ್, ನನ್ ಮಗ ನ್ಯೂಜೆರ್ಸಿಲಿದ್ದಾನೆ, ಹೋದ್ವರ್ಷ ಅಮೆರಿಕಾ ಸಿಟಿಜನ್ ಆದ. ಇಂಡಿಯಾ ಪಾಸ್‌ಪೋರ್ಟ್ ಇನ್ನೂ 2029ರ ತನಕ ವ್ಯಾಲಿಡ್ ಇದೆ. ತಂಗಿ ಮದ್ವೆಗೆ ಬರ್ಬೇಕು. ಬರೋವಾಗ ಇಂಡಿಯಾದ್ದು ತೋರ್ಸ್ಲಿ, ಹೋಗೋವಾಗ ಅಮೆರಿಕಾದ್ದು ತೋರ್ಸ್ಲಿ, ಎಲ್ರೂ ಹಂಗೇ ಮಾಡೋದು ಅಂತ ನಮ್ಮೂರ ಏಜೆಂಟ್ ಹೇಳ್ತಿದ್ದಾನೆ. ಮಾಡ್ಬಹುದಾ? (ಶಿಡ್ಲಘಟ್ಟದ ತಾಯಿಯೊಬ್ಬರು)

ಉತ್ತರ: ಬೇಡಮ್ಮ, ಖಂಡಿತ ಬೇಡ. ಆ ಏಜೆಂಟ್ ಮಾತು ಕೇಳಿ ಟಿಕೆಟ್ ಮಾಡ್ಸಿದ್ರೆ ಮದ್ವೆ ಸಂಭ್ರಮದಲ್ಲಿ ನಿಮ್ ಮಗ ಏರ್‌ಪೋರ್ಟಲ್ಲಿ ಕೂತಿರ್ತಾನೆ.

ಪಾಸ್‌ಪೋರ್ಟ್ ಮೇಲೆ 2029 ಅಂತ ಇರೋದು ಈಗ ಲೆಕ್ಕಕ್ಕೇ ಬರಲ್ಲ. 1955ರ ಪೌರತ್ವ ಕಾಯ್ದೆ 9ನೇ ಸೆಕ್ಷನ್ ಪ್ರಕಾರ ತಾನಾಗೇ ಇಷ್ಟಪಟ್ಟು ಬೇರೆ ದೇಶದ ಸಿಟಿಜನ್ ಆದವರ ಭಾರತದ ಪೌರತ್ವ ಆವಾಗ್ಲೇ ಹೋಗತ್ತೆ, ಯಾರೂ ನೋಟಿಸ್ ಕಳ್ಸಲ್ಲ, ಯಾರ್ದೂ ಸಹಿ ಬೇಕಾಗಿಲ್ಲ. ಅಮೆರಿಕಾದವರು ಎರಡು ಪೌರತ್ವ ಒಪ್ಕೋತಾರೆ ನಿಜ, ಬ್ರಿಟನ್ ಒಪ್ಕೊಳತ್ತೆ, ಜರ್ಮನಿ 2024ರ ಜೂನಿಂದ ಒಪ್ಕೊಂಡಿದೆ, ಆದ್ರೆ ನಮ್ ದೇಶ ಒಪ್ಕೊಳಲ್ವಲ್ಲ. ಆ ಕಡೆ ಕಾನೂನು ನೋಡ್ಬಿಟ್ಟು ಈ ಕಡೆದೂ ಹಂಗೇ ಇರತ್ತೆ ಅನ್ಕೊಂಡೇ ಓದ್ಕೊಂಡಿರೋ ಹುಡುಗ್ರು ಸಿಕ್ಕಾಕೊಳ್ಳೋದು.

ಎಲ್ಲಿ ಸಿಕ್ಕಾಕೋತಾರೆ ಅಂದ್ರೆ, ಬರೋವಾಗ ಹೆಂಗೋ ದಾಟ್ಬಿಟ್ಟ ಅಂತಾನೇ ಇಟ್ಕೊಳ್ಳಿ, ಹೋಗೋವಾಗ ದೇವನಹಳ್ಳಿ ಏರ್‌ಪೋರ್ಟಲ್ಲಿ ಏರ್‌ಲೈನ್‌ನವರು ಅಮೆರಿಕಾಗೆ ಹೋಗೋಕೆ ನಿಮ್ ಹತ್ರ ಏನಿದೆ ಅಂತ ಕೇಳೇ ಕೇಳ್ತಾರೆ. ಇಂಡಿಯಾ ಪಾಸ್‌ಪೋರ್ಟಲ್ಲಿ ಅಮೆರಿಕಾ ವೀಸಾ ಇಲ್ಲ, ಗ್ರೀನ್ ಕಾರ್ಡನ್ನ (ಸಿಟಿಜನ್ ಆಗ್ದೇನೇ ಅಲ್ಲಿ ಕಾಯಂ ಇರೋಕೆ ಕೊಡೋ ಕಾರ್ಡ್) ಸಿಟಿಜನ್ ಆಗೋ ಪ್ರಮಾಣ ತಗೊಳ್ಳೋ ದಿನಾನೇ ವಾಪಸ್ ಇಸ್ಕೊಂಡಿರ್ತಾರೆ. ಹಂಗಾಗಿ ಅಮೆರಿಕಾ ಪಾಸ್‌ಪೋರ್ಟ್ ತೆಗೀಲೇಬೇಕು, ಅಮೆರಿಕಾ ಕಾನೂನು ಕೂಡ ಅವರ ಸಿಟಿಜನ್ ಅವರ ಪಾಸ್‌ಪೋರ್ಟಲ್ಲೇ ಒಳಗೆ ಬರ್ಬೇಕು ಅನ್ನತ್ತೆ. ಅದನ್ನ ಇಮಿಗ್ರೇಷನ್ ಕೌಂಟರಲ್ಲಿ ಇಟ್ರೆ ಅದರಲ್ಲಿ ಇಂಡಿಯಾ ವೀಸಾನೂ ಇಲ್ಲ, ಒಳಗೆ ಬಂದ ಸೀಲೂ ಇಲ್ಲ. ಆಗ ಏನಂತ ಉತ್ತರ ಕೊಡ್ತಾನೆ? ನಮ್ ಏಜೆಂಟ್ ಹೇಳಿದ್ರು ಅಂತಾನಾ? ಆ ಏಜೆಂಟ್ ಆ ಹೊತ್ತಲ್ಲಿ ಫೋನೂ ಎತ್ತಲ್ಲ.

ಇನ್ನು ಕೆಲವರು ಇನ್ನೂ ಮುಂದೆ ಹೋಗಿ, ಸಿಟಿಜನ್ ಆಗಿರೋದು ಹೇಳ್ಬೇಡಿ, ಸುಮ್ನೆ ರಿನ್ಯೂ ಮಾಡ್ಸ್ಬಿಡಿ ಅಂತಾರೆ. ಇದು ಅತೀ ಕೆಟ್ಟ ಸಲಹೆ. ಬೇರೆ ದೇಶದ ಪೌರತ್ವ ಮುಚ್ಚಿಟ್ಟು ಪಾಸ್‌ಪೋರ್ಟ್ ತಗೊಂಡ್ರೆ 1967ರ ಪಾಸ್‌ಪೋರ್ಟ್ ಕಾಯ್ದೆಲಿ 1ರಿಂದ 5 ವರ್ಷ ಜೈಲು, 10,000ದಿಂದ 50,000 ರೂಪಾಯಿ ದಂಡ. ಕಳೆದೋಯ್ತು ಅಂತ ಪೊಲೀಸ್ ಕಂಪ್ಲೇಂಟ್ ಕೊಡಿ ಅನ್ನೋರೂ ಇದ್ದಾರೆ, ಅಂಥವರನ್ನ ಹತ್ರಾನೂ ಸೇರ್ಸ್ಬೇಡಿ.

ಮಾಡ್ಬೇಕಾಗಿರೋದು ಇಷ್ಟು. ಮಗನಿಗೆ ಇವತ್ತೇ ಫೋನ್ ಮಾಡಿ, ಇಂಡಿಯಾ ಪಾಸ್‌ಪೋರ್ಟ್‌ನ ಅಲ್ಲಿರೋ ಭಾರತದ ಕಾನ್ಸುಲೇಟ್‌ಗೆ ಸರೆಂಡರ್ ಮಾಡೋಕೆ ಹೇಳಿ. ಪೌರತ್ವ ಹೋದ್ಮೇಲೆ ಅದರಲ್ಲಿ ಓಡಾಡಿದ್ರೆ ದಂಡ ಹಾಕ್ತಾರೆ, ಕಟ್ಟಿ ಮುಗ್ಸ್ಲಿ. ಹಳೇ ಪಾಸ್‌ಪೋರ್ಟ್ ಕಿತ್ಕೋತಾರೆ ಅಂತ ಭಯ ಬೇಡ, ಕ್ಯಾನ್ಸಲ್ ಮಾಡಿ ವಾಪಸ್ ಕೊಡ್ತಾರೆ. ಸರೆಂಡರ್ ಸರ್ಟಿಫಿಕೇಟ್ ಸಿಕ್ಕಿದ್ಮೇಲೆ ಓಸಿಐ ಕಾರ್ಡ್‌ಗೆ (ಬೇರೆ ದೇಶದ ಸಿಟಿಜನ್ ಆದ ಭಾರತ ಮೂಲದವರಿಗೆ ಕೊಡೋ ಕಾರ್ಡ್) ಅರ್ಜಿ ಹಾಕ್ಲಿ, ಅದಿದ್ರೆ ಜೀವನ ಪೂರ್ತಿ ವೀಸಾ ಇಲ್ದೆ ಬಂದೋಗ್ಬಹುದು. ಓಸಿಐಗೆ ಟೈಮ್ ಹಿಡಿಯತ್ತೆ, ಮದ್ವೆ ಹತ್ರ ಬಂದಿದ್ರೆ ಈ ಸಲಕ್ಕೆ ಅಮೆರಿಕಾ ಪಾಸ್‌ಪೋರ್ಟ್ ಮೇಲೆ ಇ-ವೀಸಾ ತಗೊಂಡು ಬರ್ಲಿ. ನಾನು ಎಲ್ಲರಿಗೂ ಹೇಳೋದು ಸಿಟಿಜನ್ ಆದ ತಿಂಗಳಲ್ಲೇ ಸರೆಂಡರ್ ಮಾಡ್ಬಿಡಿ ಅಂತ, ಯಾಕಂದ್ರೆ ಊರಲ್ಲಿ ಅಪ್ಪ ಅಮ್ಮನಿಗೆ ರಾತ್ರೋರಾತ್ರಿ ಹುಷಾರು ತಪ್ಪಿದಾಗ ಈ ಕಾಗದ ಮಾಡ್ಸ್ತಾ ಕೂರೋಕಾಗಲ್ಲ. ತಂದೆ ಮುಖ ನೋಡೋಕೂ ಆಗ್ಲಿಲ್ಲ ಅಂತ ಅತ್ತವರು ನನ್ ಮುಂದೆ ಕೂತಿದ್ದಾರೆ.

ಪ್ರಶ್ನೆ: ಓಸಿಐ ಇದೆ, ಚಿಂತಾಮಣಿ ಹತ್ರ ಟೊಮೇಟೊ ಬೆಳೆಯೋಕೆ ಎರಡೆಕರೆ ತಗೋಬಹುದಾ? 2020ರಲ್ಲಿ ಕಾನೂನು ಸಡಿಲ ಆಯ್ತಂತಲ್ಲ.

ಉತ್ತರ: ಸಡಿಲ ಆಗಿದ್ದು ಕರ್ನಾಟಕದ ಭೂಸುಧಾರಣಾ ಕಾಯ್ದೆ, ರೈತರಲ್ದೇ ಇರೋರೂ ಜಮೀನು ತಗೋಬಹುದು ಅಂತ. ನಿಮ್ಗೆ ಅಡ್ಡ ಇರೋದು ಕೇಂದ್ರದ ಫೆಮಾ, ಅಂದ್ರೆ ವಿದೇಶಿ ವಿನಿಮಯ ಕಾಯ್ದೆ, ಅದು ಹಂಗೇ ಇದೆ. ಸೈಟು, ಮನೆ, ಫ್ಲಾಟ್ ತಗೊಳ್ಳಿ. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ದುಡ್ಡು ಕೊಟ್ಟು ತಗೊಳ್ಳೋ ಹಾಗಿಲ್ಲ. ಅಪ್ಪ ತೀರ್ಕೊಂಡ್ಮೇಲೆ ವಾರಸಿನ ಪಾಲು ಬಂದ್ರೆ ಅದಕ್ಕೆ ತೊಂದ್ರೆ ಇಲ್ಲ, ಪೌತಿ ಖಾತೆ ಮಾಡ್ಸ್ಕೊಳ್ಳಿ. ಆಮೇಲೆ ಮಾರೋದಾದ್ರೆ ಇಲ್ಲೇ ಇರೋ ಭಾರತೀಯರಿಗೇ ಮಾರ್ಬೇಕು. ಬೇರೆಯವರ ಹೆಸ್ರಲ್ಲಿ ರಿಜಿಸ್ಟರ್ ಮಾಡ್ಸ್ಕೊಡ್ತೀನಿ ಅನ್ನೋ ಬ್ರೋಕರನ್ನ ನಂಬಿದ್ರೆ ಬೇನಾಮಿ ಕೇಸು, ದುಡ್ಡೂ ಹೋಗತ್ತೆ ಜಮೀನೂ ಹೋಗತ್ತೆ.

ಪ್ರಶ್ನೆ: ಮೊಮ್ಮಗು ಟೆಕ್ಸಾಸಲ್ಲಿ ಹುಟ್ಟಿದೆ, ಮಗ ಸೊಸೆ ಇಬ್ರೂ ಭಾರತೀಯರೇ. ಮಗುಗೆ ಎರಡೂ ಪಾಸ್‌ಪೋರ್ಟ್ ಮಾಡ್ಸೋಣ್ವಾ?

ಉತ್ತರ: ಬೇಡ. ಇಂಡಿಯಾದ್ದು ಬೇಕಾದ್ರೆ ಮಗುಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ಬರ್ಕೊಡ್ಬೇಕಾಗತ್ತೆ, ಸುಳ್ಳು ಬರ್ಕೊಡ್ತೀರಾ? ಅಮೆರಿಕಾ ಪಾಸ್‌ಪೋರ್ಟ್, ಜೊತೆಗೆ ಓಸಿಐ ಮಾಡ್ಸಿ. 20 ವರ್ಷ ಆಗೋ ತನಕ ಪಾಸ್‌ಪೋರ್ಟ್ ಬದ್ಲಾದಾಗೆಲ್ಲ ಓಸಿಐ ವೆಬ್‌ಸೈಟಲ್ಲಿ ಹೊಸ ಪಾಸ್‌ಪೋರ್ಟ್, ಹೊಸ ಫೋಟೊ ಅಪ್‌ಲೋಡ್ ಮಾಡಿ, ದುಡ್ಡಿಲ್ಲ. 20 ತುಂಬಿದ್ಮೇಲೆ ಹೊಸ ಪಾಸ್‌ಪೋರ್ಟ್ ಬಂದಾಗ ಒಂದ್ಸಲ ಕಾರ್ಡೇ ಬದ್ಲಾಯಿಸ್ಬೇಕು.

ಪ್ರಶ್ನೆ: ಗ್ರೀನ್ ಕಾರ್ಡ್ ಬಂತು, ಪಾಸ್‌ಪೋರ್ಟ್ ಸರೆಂಡರ್ ಮಾಡ್ಬೇಕಾ? (ಗೌರಿಬಿದನೂರು)

ಉತ್ತರ: ಬೇಡ, ನೀವಿನ್ನೂ ಭಾರತೀಯರೇ.

ಪ್ರಶ್ನೆ: ಆಧಾರ್ ಇದೆ, ಮಾಲೂರಲ್ಲಿ ವೋಟರ್ ಲಿಸ್ಟಲ್ಲಿ ಹೆಸ್ರೂ ಇದೆ, ಅಂದ್ಮೇಲೆ ನಾನು ಇಂಡಿಯನ್ ಸಿಟಿಜನ್ನೂ ಹೌದಲ್ವಾ? ಕೆನಡಾ ಪೌರತ್ವ ಆಮೇಲೆ ಬಂದಿದ್ದು.

ಉತ್ತರ: ಅಲ್ಲ. ಆಧಾರ್ ಪೌರತ್ವಕ್ಕೆ ಪುರಾವೆ ಅಲ್ಲ ಅಂತ ಆಧಾರ್ ಕಾಯ್ದೆಲೇ ಬರ್ದಿದೆ. ವೋಟ್ ಹಾಕೋಕೆ ಹೋಗ್ಬೇಡಿ, ಫಾರಂ 7 ಕೊಟ್ಟು ಲಿಸ್ಟಿಂದ ಹೆಸ್ರು ತೆಗೆಸ್ಕೊಳ್ಳಿ.