ಬೆಕ್ಕಿಗೆ ಮನೆಯಿದ್ದರೆ ಸಾಕಾ?

ಪ್ರಶ್ನೆ: ನಾವು ತುಮಕೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ, ಎರಡನೇ ಮಹಡಿ. ನಾನು, ನನ್ನ ಗಂಡ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿ 8ಕ್ಕೆ. ಮಗಳಿಗೆ 10 ವರ್ಷ. ಅತ್ತೆ ಮನೆಯಲ್ಲೇ ಇರುತ್ತಾರೆ. ಪಕ್ಕದ ಬೀದಿಯಲ್ಲಿ ಬೆಕ್ಕು ಮರಿ ಹಾಕಿ ಒಂದು ತಿಂಗಳಾಗಿದೆ, ಒಂದು ತರಲೇಬೇಕು ಅಂತ ಮಗಳ ಹಠ. ನಾಯಿಗಾದರೆ ಜನ ಬೇಕು, ಬೆಕ್ಕಿಗೆ ಮನೆಯಿದ್ದರೆ ಸಾಕು, ಅದರ ಪಾಡಿಗೆ ಅದಿರುತ್ತೆ ಅಂತಾರೆ ನಮ್ಮವರು. ಅವರು ತಿಪಟೂರು ಕಡೆಯವರು, ಚಿಕ್ಕಂದಿನಿಂದ ಬೆಕ್ಕು ನೋಡಿದವರು. ತರಬಹುದಾ?

ಉತ್ತರ: ಈಗಲೇ ಬೇಡ. ಒಂದು ತಿಂಗಳ ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ಕನಿಷ್ಠ 8 ವಾರ, ಆಗುವುದಾದರೆ 12 ವಾರ ಅಲ್ಲೇ ಇರಲಿ. ಎಷ್ಟು ಕಚ್ಚಿದರೆ ಆಟ, ಎಷ್ಟು ಕಚ್ಚಿದರೆ ನೋವು ಅನ್ನೋದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆ ಹೊರಳಾಡುತ್ತಲೇ. ಅಲ್ಲಿಯ ತನಕ ಮಗಳು ದಿನಾ ಸಂಜೆ ಹೋಗಿ ಅದನ್ನು ಮೆಲ್ಲಗೆ ಎತ್ತಿಕೊಂಡು, ಮಾತಾಡಿಸಿ ಬರಲಿ. 2ರಿಂದ 7 ವಾರದ ಒಳಗೆ ಮನುಷ್ಯರ ಕೈಗೆ ಒಗ್ಗಿದ ಮರಿ ಮುಂದೆ ಜನರಿಗೆ ಹೆದರುವುದು ಕಡಿಮೆ.

ನಿಮ್ಮವರು ಹೇಳಿದ್ದು ಅವರು ಕಂಡ ಬೆಕ್ಕಿನ ಮಾತು. ಆ ಮನೆಯಲ್ಲಿ ಅಟ್ಟದ ತುಂಬ ಕೊಬ್ಬರಿ, ಕೊಬ್ಬರಿಗೆ ಇಲಿ, ಹೊರಗೆ ಹಿತ್ತಲು, ಬಚ್ಚಿಟ್ಟುಕೊಳ್ಳಲು ಹುಲ್ಲಿನ ಬಣವೆ, ಜೊತೆಗೆ ಇನ್ನೊಂದೆರಡು ಬೆಕ್ಕು ಇದ್ದಿರುತ್ತವೆ ಅಲ್ವಾ? ಅದಕ್ಕೆ ದಿನವಿಡೀ ಮಾಡಲು ಏನೋ ಒಂದಿತ್ತು. ಎರಡನೇ ಮಹಡಿಯ ಬಾಗಿಲು ಹಾಕಿದ ಮನೆಯಲ್ಲಿ ಅದ್ಯಾವುದೂ ಇಲ್ಲ. ಅಷ್ಟನ್ನೂ ನೀವೇ ತುಂಬಿಕೊಡಬೇಕು.

ಜನ ಬೇಡ ಅನ್ನೋದೂ ನಿಜವಲ್ಲ. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮರಿಗಳನ್ನು ಗೊತ್ತಿಲ್ಲದ ಕೋಣೆಯಲ್ಲಿ 2 ನಿಮಿಷ ಒಂಟಿಯಾಗಿ ಬಿಟ್ಟು, ಆಮೇಲೆ ಸಾಕಿದವರನ್ನು ಒಳಗೆ ಕಳಿಸಿ ನೋಡಿದ್ದರು. ಸುಮಾರು 64% ಮರಿಗಳು ತಮ್ಮವರನ್ನು ಕಂಡು ಸಮಾಧಾನಗೊಂಡು ಮತ್ತೆ ಆಟಕ್ಕೆ ಇಳಿದವು. ಚಿಕ್ಕ ಮಕ್ಕಳು ಅಮ್ಮನನ್ನು ಕಂಡಾಗ ಮಾಡುವುದೂ ಇದನ್ನೇ.

ಬೆಕ್ಕು ಸಂಕಟವನ್ನು ತೋರಿಸಿಕೊಳ್ಳುವುದಿಲ್ಲ, ಅದೇ ಕಷ್ಟ. ನಾವು ಮನೆ ಬದಲಿಸಿದಾಗ ನಮ್ಮ ಬೆಕ್ಕು ಮರಳಿನ ಟ್ರೇ ಬಿಟ್ಟು ಹಾಸಿಗೆ ಮೇಲೆ ಉಚ್ಚೆ ಮಾಡತೊಡಗಿತು. ಹಠ ಅಂದುಕೊಂಡು ಗದರಿದೆ. ನಾಲ್ಕು ದಿನ ಬಿಟ್ಟು ಡಾಕ್ಟರ ಹತ್ತಿರ ಹೋದರೆ, ಮೂತ್ರಕೋಶ ಊದಿಕೊಂಡಿದೆ, ಹೊಸ ಜಾಗದ ಗಾಬರಿಯಿಂದಲೂ ಹೀಗಾಗುತ್ತದೆ ಅಂದರು. ಆ ಗದರಿದ್ದು ಇವತ್ತಿಗೂ ಚುಚ್ಚುತ್ತದೆ. (ಗಂಡು ಬೆಕ್ಕು ಉಚ್ಚೆಗೆ ಕೂತು ತಿಣುಕುತ್ತಿದ್ದರೆ ಒಂದು ರಾತ್ರಿಯೂ ಕಾಯಬೇಡಿ, ಜೀವಕ್ಕೇ ಅಪಾಯ.)

ನಿಮ್ಮ ಮನೆಯಲ್ಲಿ ಬೇಕಾದದ್ದು ದುಬಾರಿಯದೇನಲ್ಲ. ಹೆದರಿದಾಗ ಹೊಕ್ಕು ಕೂರಲು ಒಂದು ರಟ್ಟಿನ ಡಬ್ಬ, ಅಲ್ಲಿಂದ ಯಾರೂ ಅದನ್ನು ಎಳೆಯಬಾರದು. ಬೀದಿ ಕಾಣುವ ಹಾಗೆ ಕಿಟಕಿ ಪಕ್ಕ ಎತ್ತರದ ಜಾಗ, ಕಿಟಕಿ, ಬಾಲ್ಕನಿಗೆ ಗಟ್ಟಿ ಜಾಲರಿ. ಬೆಕ್ಕು ಚುರುಕಾಗುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ನೀವು ರೈಲಿಗೆ ಹೊರಡುವ ಮುಂಚೆ 10 ನಿಮಿಷ, ಸಂಜೆ ಮಗಳು 10 ನಿಮಿಷ ದಾರಕ್ಕೆ ಗರಿ ಕಟ್ಟಿ ಓಡಾಡಿಸಿ, ಕೊನೆಗೆ ಅದು ಹಿಡಿಯುವ ಹಾಗೆ ಬಿಟ್ಟು ಊಟ ಹಾಕಿ. ಆಟ ಮುಗಿದ ಮೇಲೆ ದಾರ ಎತ್ತಿಡಿ, ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ಮಿಕ್ಕ ಹೊತ್ತು ಅದಾಗಿ ಬಂದರೆ ಮುದ್ದು ಮಾಡಿ, ಬರದಿದ್ದರೆ ಬಿಡಿ.

ಆದರೆ ನಿಮ್ಮ ಪತ್ರದಲ್ಲಿ ಒಬ್ಬರ ಮಾತೇ ಇಲ್ಲ. ಹಗಲೆಲ್ಲ ಆ ಮರಿ ಜೊತೆ ಇರುವವರು ನಿಮ್ಮ ಅತ್ತೆ. ಅವರಿಗೆ ಇಷ್ಟವಾ? ಕಾಲಿಗೆ ಸಿಕ್ಕಿ ಬಿದ್ದಾರೆಂಬ ಭಯವಿದೆಯಾ? ಮೊದಲು ಅವರ ಪಕ್ಕ ಕೂತು ಕೇಳಿ, ಮನೆ ಓನರ್ ಹತ್ತಿರವೂ ಕೇಳಿ. ಚೆನ್ನಾಗಿ ನೋಡಿಕೊಂಡರೆ ಬೆಕ್ಕು 15 ವರ್ಷ ಬದುಕುತ್ತದೆ, ಮಧ್ಯದಲ್ಲಿ ಎಲ್ಲೋ ಬಿಟ್ಟು ಬರುವಂತಾಗಬಾರದು. ಅತ್ತೆ ಮನಸ್ಸಿನಿಂದ ಹೂಂ ಅಂದರೆ, ಆಗುವುದಾದರೆ ಒಂದೇ ಸೂಲಿನ ಎರಡು ಮರಿ ತನ್ನಿ. ಅತ್ತೆ ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ಅವೆರಡೂ ಆಡಿಕೊಂಡಿರುತ್ತವೆ.