ಹಿಮಾಲಯನ್‌ಗೆ ಗಟ್ಟಿ ಬಾಕ್ಸ್ ಹಾಕಿಸೋದಾ? ಮೊದಲು ನನ್ನ ಎಡಗಾಲಿನ ಕಥೆ ಕೇಳಿ

ಮಳೆಗಾಲದಲ್ಲಿ ಮೂರು ದಿನ ಚಿಕ್ಕಮಗಳೂರು, ಕಳಸ, ಆಗುಂಬೆ ಸುತ್ತೋಕೆ ನಿಮ್ಮ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕಿನ ಹಿಂಚಕ್ರದ ಎರಡೂ ಪಕ್ಕ ಅಲ್ಯೂಮಿನಿಯಂ ಬಾಕ್ಸ್ ಹಾಕಿಸಬೇಕಾ, ಬಟ್ಟೆಯ ಬ್ಯಾಗ್ ಸಾಕಾ ಅಂತ ಕೇಳಿದ್ದೀರಿ. ಬಾಕ್ಸ್ ಇದ್ದರೆ ಸೇಫ್ ಅಲ್ವಾ ಅಂತಲೂ ಸೇರಿಸಿದ್ದೀರಿ. ಆ ಮಾತು ಓದಿದಾಗ ನನ್ನ ಎಡಗಾಲು ಚುರ್ ಅಂದಿತು.

2019ರ ಜುಲೈ. ನನ್ನದು ಹಳೆಯ 411 ಸಿಸಿ ಹಿಮಾಲಯನ್. ರೂಟೂ ಹೆಚ್ಚುಕಡಿಮೆ ನಿಮ್ಮದೇ. ಹೊರಡುವ ವಾರ ಜೋಡಿ ಬಾಕ್ಸ್ ಹಾಕಿಸಿದೆ. ಒಂದೊಂದೂ ಖಾಲಿ ಇದ್ದಾಗಲೇ ನಾಲ್ಕೂವರೆ ಕೆಜಿ, ಕೂರಿಸುವ ಕಬ್ಬಿಣದ ಫ್ರೇಮು ಬೇರೆ. ಗಾಡಿಯೇ 190 ಕೆಜಿ ಆಸುಪಾಸು. ಜಾಗ ಇದೆಯಲ್ಲ ಅಂತ ತುಂಬಿದ್ದೇ ತುಂಬಿದ್ದು. ಮೂರು ಜೀನ್ಸು, ಟ್ರೈಪಾಡು, ಗಾಳಿ ಪಂಪು, ಚಿಕ್ಕಮಗಳೂರಲ್ಲಿ ತಗೊಂಡ ಎರಡು ಕೆಜಿ ಕಾಫಿಪುಡಿ. ಮೂರು ದಿನಕ್ಕೆ ಮೂರು ಜೀನ್ಸು ಯಾಕೆ ಅಂತ ಕೇಳಬೇಡಿ.

ಆಲ್ದೂರು, ಬಾಳೆಹೊನ್ನೂರು ದಾಟಿ ಕಳಸದವರೆಗೂ ರಾಜನ ಹಾಗೆ ಹೋದೆ. ಕಳಸದಿಂದ ಹೋಂಸ್ಟೇಗೆ ಮಣ್ಣುದಾರಿ. ಜೀಪು ಓಡಾಡಿ ಓಡಾಡಿ ಎರಡು ಚರಂಡಿಯ ಹಾಗಾಗಿತ್ತು, ಅದರ ತುಂಬ ಕೆಂಪು ಕೆಸರು. ಬಲಗಡೆಯ ಜಾಡಿಗೆ ಗಾಡಿ ಇಳಿಸಿದೆ. ಹಿಂದಿನ ಚಕ್ರ ಜಾರಿತು. ಎಡಗಾಲು ನೆಲಕ್ಕೆ ಕೊಟ್ಟೆ.

ಅದೇ ತಪ್ಪು. ಇದನ್ನು ಬಿಡಿಸಿ ಹೇಳುತ್ತೇನೆ, ಬಾಕ್ಸ್ ಮಾರಿದವರು ನನಗೆ ಹೇಳಿರಲಿಲ್ಲ. ಬೆಂಗಳೂರು ಟ್ರಾಫಿಕ್ಕಲ್ಲಿ ಹತ್ತು ವರ್ಷ ಓಡಿಸಿದವನಿಗೆ ಗಾಡಿ ವಾಲಿದರೆ ಸಾಕು, ಕಾಲು ತಾನಾಗಿ ಇಳಿಯುತ್ತದೆ. ಆದರೆ ಗಾಡಿ ಮುಂದಕ್ಕೆ ಹೋಗುತ್ತಾ ಇರುತ್ತದೆ, ಊರಿದ ಪಾದ ಮಾತ್ರ ಅಲ್ಲೇ ಉಳಿಯುತ್ತದೆ. ಹಿಂದಿನಿಂದ ಬರೋದು ಏನು? ಬಾಕ್ಸ್. ಬಟ್ಟೆಯ ಬ್ಯಾಗಾದರೆ ಕಾಲು ತಗುಲಿದರೆ ಮಡಚಿಕೊಳ್ಳುತ್ತದೆ. ಅಲ್ಯೂಮಿನಿಯಂ ಮೂಲೆ ಮಡಚಲ್ಲ. ಸಾಲದ್ದಕ್ಕೆ ನನ್ನ ಚಕ್ರ ಜಾಡಿನ ತಗ್ಗಿನಲ್ಲಿ, ಕಾಲು ಊರಿದ್ದು ನಡುವಿನ ದಿಬ್ಬದ ಮೇಲೆ. ಸಮ ನೆಲದಲ್ಲಿ ಮೀನಖಂಡಕ್ಕೆ ಬಡಿಯಬೇಕಾದ ಬಾಕ್ಸು ಇಲ್ಲಿ ನೇರವಾಗಿ ಹಿಮ್ಮಡಿಯ ಮೇಲಕ್ಕೇ ಬಂತು. ಪಾದವನ್ನು ಕೆಸರಿಗೆ ಒತ್ತಿ ಹಿಡಿಯಿತು. ಗಾಡಿ ಎಡಕ್ಕೆ ಮಲಗಿತು. ಕಾಲು ತಿರುಚಿತು, ಪಾದ ತಿರುಗಲಿಲ್ಲ.

ಬಿದ್ದರೆ ಬೀಳಲಿ ಅಂತ ಎರಡೂ ಕಾಲು ಫುಟ್‌ರೆಸ್ಟ್ ಮೇಲೇ ಇಟ್ಟಿದ್ದರೆ? ಬಾಕ್ಸ್ ದಿಬ್ಬಕ್ಕೆ ಒರಗಿ ಗಾಡಿ ಅರ್ಧಕ್ಕೇ ನಿಲ್ಲುತ್ತಿತ್ತು, ಕಾಲಿಗೆ ಜಾಗ ಉಳಿಯುತ್ತಿತ್ತು. ಆ ಮಟ್ಟಿಗೆ ನಿಮ್ಮ ‘ಸೇಫ್’ ನಿಜ. ಕಾಲು ಕೊಡದೇ ಇರೋರಿಗೆ ಮಾತ್ರ.

ಎಸ್ಟೇಟಿನ ಇಬ್ಬರು ಓಡಿ ಬಂದು ಗಾಡಿ ಎತ್ತಲು ನೋಡಿದರು, ಅಲುಗಲಿಲ್ಲ. “ಮಾರಾಯ್ರೆ, ಇದ್ರೊಳಗೆ ಎಂಥ ತುಂಬಿದ್ದೀರಿ, ಕಲ್ಲಾ?” ಅಂದರು ಒಬ್ಬರು. ಬಾಕ್ಸ್ ಬಿಚ್ಚಿ ಇಳಿಸೋಣ ಅಂದರೆ ಕೀ ನನ್ನ ಪ್ಯಾಂಟಿನ ಎಡ ಜೇಬಿನಲ್ಲಿ, ಜೇಬು ನನ್ನ ಕೆಳಗೆ. ಕೊನೆಗೆ ಬೇಲಿಯ ಗೂಟ ಕಿತ್ತು ತಂದು ಮೀಟಿದರು. ಸಣ್ಣ ಮೂಳೆ ಬಿರುಕು, ಆರು ವಾರ ಪ್ಲಾಸ್ಟರ್.

ಈಗ ನಿಮ್ಮ ಪ್ರಶ್ನೆ. ಬಾಕ್ಸಾ ಬ್ಯಾಗಾ ಅನ್ನೋದೇ ತಪ್ಪು ಪ್ರಶ್ನೆ ಅಂತ ನನಗನಿಸುತ್ತದೆ. ಮೂರು ದಿನಕ್ಕೆ ಎರಡು ಟೀಶರ್ಟು, ಒಂದು ಪ್ಯಾಂಟು, ಚಾರ್ಜರು, ಮಳೆಕೋಟು. ಹಿಂದಿನ ಸೀಟಿಗೆ ಕಟ್ಟುವ ಮೂವತ್ತು ಲೀಟರ್ ಬ್ಯಾಗು ಧಾರಾಳವಾಯಿತು. ನೀರು ನುಗ್ಗುತ್ತೆ ಅನ್ನೋ ಭಯವಾ? ಒಳಗೆ ದಪ್ಪ ಪ್ಲಾಸ್ಟಿಕ್ ಕವರ್ ಹಾಕಿ ಬಾಯಿ ಸುತ್ತಿ ಕಟ್ಟಿ. ಕಳ್ಳತನದ ಭಯವಾ? ಟೀ ಅಂಗಡಿಯಲ್ಲಿ ಗಾಡಿ ಕಣ್ಣೆದುರು ನಿಲ್ಲಿಸಿ. ಬಾಕ್ಸಿನ ದುಡ್ಡಲ್ಲಿ ಮೊದಲು ಪಾದದ ಗಂಟು ಮುಚ್ಚುವ ಗಟ್ಟಿ ಬೂಟು ತಗೊಳ್ಳಿ. ಅವತ್ತು ನನ್ನ ಕಾಲಲ್ಲಿ ಇದ್ದದ್ದು ವಾಕಿಂಗ್ ಶೂ.

ಹೆಂಡತಿಯನ್ನು ಕೂರಿಸಿಕೊಂಡು ಹತ್ತು ದಿನ ಹೈವೇ ಸುತ್ತೋರಿಗೆ ಬಾಕ್ಸ್ ಸರಿ. ನಿಮಗೆ ಬೇಡ.

ನನ್ನ ಜೋಡಿ ಮಾರೋಕೆ ಹೊರಟಿದ್ದೆ, ಅಮ್ಮ ಬಿಡಲಿಲ್ಲ. ಒಂದರಲ್ಲಿ ಅಕ್ಕಿ ಇದೆ, ಇನ್ನೊಂದರಲ್ಲಿ ರಾಗಿ. ಇಲಿ ಹತ್ತಿರ ಸುಳಿಯಲ್ಲ ಅಂತಾರೆ.