ಮುಂದಿನ ಟೈರು ಬೋಳು, ಹಿಂದಿನದು ಹೊಸದರ ಹಾಗೆ. ಯಾಕೆ?

ಸ್ವಿಫ್ಟ್ 28,000 ಕಿ.ಮೀ. ಓಡಿದೆ, ಮುಂದಿನ ಎರಡೂ ಟೈರು ಬೋಳಾಗುತ್ತಾ ಬಂದಿವೆ, ಹಿಂದಿನವು ಇನ್ನೂ ಚೆನ್ನಾಗಿವೆ, ಕಂಪನಿಯವರು ಕಳಪೆ ಟೈರು ಹಾಕಿದ್ದಾರಾ ಅಂತ ಕೇಳಿದ್ದೀರಿ. ಇಲ್ಲ. ನಿಮ್ಮ ಕಾರಿನಲ್ಲಿ ಮುಂದಿನ ಚಕ್ರಗಳಿಗೆ ದುಡಿತ ಜಾಸ್ತಿ, ಅಷ್ಟೇ.

ಎಂಜಿನ್, ಗೇರ್‌ಬಾಕ್ಸ್ ಎರಡೂ ಮುಂದೆಯೇ ಇವೆ. ಇಂಥ ಕಾರುಗಳಲ್ಲಿ ನೂರಕ್ಕೆ ಸುಮಾರು 60 ಭಾಗ ತೂಕ ಮುಂದಿನ ಟೈರುಗಳ ಮೇಲೇ ಕೂತಿರುತ್ತದೆ. ಕಾರನ್ನು ಎಳೆಯುವುದೂ ಅವೇ, ತಿರುಗಿಸುವುದೂ ಅವೇ. ಬ್ರೇಕ್ ಒತ್ತಿದಾಗ ಕಾರು ಮೂಗು ತಗ್ಗಿಸುತ್ತದೆ ಅಲ್ವಾ, ಆಗ ಹಿಂದಿನ ತೂಕವೂ ಮುಂದಕ್ಕೆ ಬಂದು ಬೀಳುತ್ತದೆ, ಹಾಗಾಗಿ ನಿಲ್ಲಿಸುವ ಕೆಲಸವೂ ಹೆಚ್ಚಿನ ಪಾಲು ಅವುಗಳದ್ದೇ. ಹಿಂದಿನ ಎರಡು ಸುಮ್ನೆ ಜೊತೆಗೆ ಉರುಳಿಕೊಂಡು ಬರುತ್ತವೆ. ನಮ್ಮ ಮನೆಯಲ್ಲಿ ಮೊದಲು ಓಮ್ನಿ ಇತ್ತು. ಅದರಲ್ಲಿ ತಳ್ಳುವುದು ಹಿಂದಿನ ಚಕ್ರ, ತಿರುಗುವುದು ಮುಂದಿನದು. ಕೆಲಸ ಹಂಚಿಹೋಗಿದ್ದರಿಂದ ನಾಲ್ಕೂ ಹೆಚ್ಚುಕಮ್ಮಿ ಒಟ್ಟಿಗೇ ಸವೆಯುತ್ತಿದ್ದವು.

ನಿಂತಲ್ಲೇ ಸ್ಟೇರಿಂಗ್ ತಿರುಗಿಸುವ ಅಭ್ಯಾಸ ಇದ್ದರೆ ಬಿಡಿ. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಸಿಮೆಂಟ್ ನೆಲದ ಮೇಲೆ ಕಪ್ಪಗೆ ಬಿಲ್ಲಿನ ಹಾಗೆ ಗೆರೆ ಬಿದ್ದಿರುತ್ತದೆ ನೋಡಿ, ಅದು ನಿಮ್ಮ ಟೈರಿನ ರಬ್ಬರೇ. ಕಾರು ಒಂದು ಚೂರು ಉರುಳುತ್ತಿರುವಾಗ ತಿರುಗಿಸಿದರೆ ಅಷ್ಟು ಉಜ್ಜುವುದಿಲ್ಲ.

ಮುಂದೆ ಹಿಂದೆ ವ್ಯತ್ಯಾಸ ಇರುವುದಕ್ಕೆ ಚಿಂತೆ ಬೇಡ. ಒಂದೇ ಟೈರಿನ ಎರಡು ಅಂಚಿನ ನಡುವೆ ವ್ಯತ್ಯಾಸ ಇದ್ದರೆ ಮಾತ್ರ ಚಿಂತೆ ಮಾಡಬೇಕು. ನನ್ನ ಕಾರಿನ ಎಡಗಡೆ ಮುಂದಿನ ಟೈರು ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಇತ್ತು. ಪಂಚರ್ ಹಾಕಿಸಲು ಬಿಚ್ಚಿದಾಗ ನೋಡಿದರೆ, ಒಳಗಿನ ಅಂಚಿನಲ್ಲಿ ಸಣ್ಣ ಉಕ್ಕಿನ ತಂತಿಗಳು ಕೂದಲಿನ ಹಾಗೆ ಎದ್ದಿದ್ದವು! ಅದರಲ್ಲೇ ಹಿಂದಿನ ದಿನ ಮಕ್ಕಳನ್ನು ಕೂರಿಸಿಕೊಂಡು ಹಾಸನದಿಂದ ಬಂದಿದ್ದೆ. ಯಾವುದೋ ಗುಂಡಿಗೆ ಬಿದ್ದು ಅಲೈನ್‌ಮೆಂಟ್ ಹೋಗಿತ್ತು. ಚಕ್ರ ನೇರವಾಗಿ ಉರುಳದೆ ಸ್ವಲ್ಪ ಓರೆಯಾಗಿ, ರಸ್ತೆಯನ್ನು ಉಜ್ಜಿಕೊಂಡೇ ಹೋಗುತ್ತಿತ್ತು. ಕೈಯಲ್ಲೂ ಇದು ಗೊತ್ತಾಗುತ್ತದೆ. ಟೈರಿನ ಮೇಲೆ ಅಡ್ಡಲಾಗಿ ಅಂಗೈ ಸವರಿ. ಒಂದು ಕಡೆಗೆ ನುಣ್ಣಗಿದ್ದು ವಾಪಸ್ ಎಳೆದಾಗ ಗರಗಸದ ಹಾಗೆ ತಡೆದರೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಎರಡೂ ಅಂಚು ಸವೆದಿದ್ದರೆ ಗಾಳಿ ಕಮ್ಮಿ, ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ.

10,000 ಕಿ.ಮೀ.ಗೆ ಒಮ್ಮೆ ಮುಂದಿನದನ್ನು ಹಿಂದೆ, ಹಿಂದಿನದನ್ನು ಮುಂದೆ ಹಾಕಿಸಿದ್ದರೆ ನಾಲ್ಕೂ ಸಮನಾಗಿ ಸವೆಯುತ್ತಿದ್ದವು. ಈಗ ಎರಡು ಹೊಸದು ಕೊಳ್ಳುತ್ತೀರಲ್ಲ, ಅಂಗಡಿಯವರು ಅವನ್ನು ಮುಂದೆಯೇ ಹಾಕಲು ಹೊರಡುತ್ತಾರೆ. ಬೇಡ ಅನ್ನಿ. ಹೊಸದು ಹಿಂದೆ ಹಾಕಿಸಿ, ಈಗ ಹಿಂದೆ ಇರುವುದನ್ನು ಮುಂದಕ್ಕೆ ತನ್ನಿ. ನಾನು ಒಮ್ಮೆ ಹೊಸದನ್ನು ಮುಂದೆ ಹಾಕಿಸಿ, ಸವೆದದ್ದನ್ನು ಹಿಂದೆ ಬಿಟ್ಟು, ಜುಲೈ ಮಳೆಯಲ್ಲಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಒಂದು ತಿರುವಿನಲ್ಲಿ ಕಾರಿನ ಹಿಂಭಾಗ ತಾನೇ ಹೊರಗೆ ಜಾರಿತು. ಮುಂದಿನ ಟೈರು ಜಾರಿದರೆ ಸ್ಟೇರಿಂಗಿನಲ್ಲಿ ಗೊತ್ತಾಗುತ್ತದೆ, ಕಾಲು ತೆಗೆದರೆ ಸಾಮಾನ್ಯವಾಗಿ ಮತ್ತೆ ಹಿಡಿತ ಸಿಗುತ್ತದೆ. ಹಿಂದಿನದು ಜಾರಿದರೆ ಕಾರೇ ತಿರುಗಿಬಿಡುತ್ತದೆ, ನಮ್ಮಂಥವರಿಗೆ ಸಂಭಾಳಿಸಲು ಆಗುವುದಿಲ್ಲ. ಅವತ್ತು ಎದುರಿಗೆ ಗಾಡಿ ಇರಲಿಲ್ಲ.

ದುಡ್ಡು ಕೊಡುವ ಮೊದಲು ಸ್ಟೇರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಬಗ್ಗಿ ಒಳ ಅಂಚು ನೋಡಿ. ಒಂದೇ ಬದಿ ಸವೆದಿದ್ದರೆ ಅಲೈನ್‌ಮೆಂಟನ್ನೂ ಅವತ್ತೇ ಮಾಡಿಸಿ. ಇಲ್ಲದಿದ್ದರೆ ಮುಂದಕ್ಕೆ ತಂದ ಟೈರುಗಳೂ ಹಾಗೇ ಸವೆಯುತ್ತವೆ.